ಪೀಲ್ ಆದ ಮೇಲಿನ ಉರಿ, ನವೆ, ಸಿಪ್ಪೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚರ್ಮದ ಚಿಕಿತ್ಸಾಲಯವೊಂದರಲ್ಲಿ ಫೋನ್ ಎತ್ತುವುದು, ಮುಲಾಮು ಹಚ್ಚುವ ರೀತಿ ತೋರಿಸಿಕೊಡುವುದು ನನ್ನ ಕೆಲಸ. ಕೆಮಿಕಲ್ ಪೀಲ್, ಎಂದರೆ ಮುಖಕ್ಕೆ ಆಮ್ಲ (ಆಸಿಡ್) ಹಚ್ಚುವ ಚಿಕಿತ್ಸೆ, ಮಾಡಿಸಿಕೊಂಡು ಹೋದವರ ಕರೆ ಹೆಚ್ಚಾಗಿ ಮೂರನೆಯ ದಿನ ಬೆಳಿಗ್ಗೆ, ಕನ್ನಡಿ ನೋಡಿಕೊಂಡ ಮರುಕ್ಷಣ ಬರುತ್ತದೆ. ಆ ಕರೆಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳು ವೈದ್ಯರಿಂದ ಕಲಿತವು, ಗೊಣಗಾಟ ಮಾತ್ರ ನನ್ನದು. ನಾನು ಕಂಡಂತೆ ಆಸಿಡ್ ಕೆಡಿಸಿದ ಮುಖಗಳು ಕಡಿಮೆ, ಆಮೇಲೆ ಕೈ ಕೆಡಿಸಿದ ಮುಖಗಳು ಹೆಚ್ಚು. ನಿಮ್ಮ ವೈದ್ಯರು ಬೇರೆ ರೀತಿ ಹೇಳಿದ್ದರೆ ಅವರ ಮಾತನ್ನೇ ಕೇಳಿ. ನಿಮ್ಮ ಮುಖ ನೋಡಿದವರು ಅವರು.

## ಮೊದಲ ಪ್ರಶ್ನೆಗಳು

ಪೀಲ್ ಎಂದರೆ ಮುಖದ ಚರ್ಮವನ್ನೇ ಸುಲಿದು ತೆಗೆಯುತ್ತಾರೆಯೇ?

ಹೆಸರು ಕೇಳಿದರೆ ಹಾಗೆಯೇ ಅನ್ನಿಸುತ್ತದೆ. ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಆಮ್ಲ ಆ ಅಂಟನ್ನು ಸಡಿಲಿಸುತ್ತದೆ. ಕೆಲವು ದಿನಗಳಲ್ಲಿ ಅವು ತಾವಾಗಿ ಉದುರುತ್ತವೆ. ಗ್ಲೈಕಾಲಿಕ್, ಲ್ಯಾಕ್ಟಿಕ್, ಮ್ಯಾಂಡೆಲಿಕ್, ಸ್ಯಾಲಿಸಿಲಿಕ್ ಆಮ್ಲಗಳ ಪೀಲ್ ಸಾಮಾನ್ಯವಾಗಿ ಈ ಮೇಲ್ಪದರದಲ್ಲೇ ಮುಗಿಯುತ್ತದೆ. ಟಿಸಿಎ ಎಂಬ ಆಮ್ಲದ ಪ್ರಮಾಣ ಶೇಕಡ 35ರಷ್ಟಾದರೆ ಅದು ಒಳಪದರದ ಮೇಲ್ಭಾಗವನ್ನು ಮುಟ್ಟುತ್ತದೆ. ಫೀನಾಲ್ ಇನ್ನೂ ಆಳಕ್ಕೆ ಇಳಿಯುತ್ತದೆ. ಅದನ್ನು ಹೃದಯದ ಬಡಿತ ಗಮನಿಸುತ್ತ ಮಾಡಬೇಕು, ನಮ್ಮ ಮೈಬಣ್ಣದವರಿಗೆ ವೈದ್ಯರು ಸಾಮಾನ್ಯವಾಗಿ ಸೂಚಿಸುವುದಿಲ್ಲ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಜರ್ಮನಿಯ ಚರ್ಮವೈದ್ಯ ಉನ್ನಾ 1882ರಲ್ಲೇ ಸ್ಯಾಲಿಸಿಲಿಕ್ ಆಮ್ಲ, ಟಿಸಿಎ, ಫೀನಾಲ್‌ಗಳು ಚರ್ಮದ ಮೇಲೆ ಏನು ಮಾಡುತ್ತವೆ ಎಂದು ಬರೆದಿದ್ದ. ಗ್ಲೈಕಾಲಿಕ್ ಆಮ್ಲ ಕಬ್ಬಿನಲ್ಲಿ ಇರುವಂಥದ್ದು ಎಂದೊಡನೆ ಮಂಡ್ಯದ ಕಡೆಯವರ ಮುಖ ಅರಳುತ್ತದೆ. ಆದರೆ ಬಾಟಲಿಯಲ್ಲಿರುವುದು ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾದದ್ದು. ಕಬ್ಬಿನ ಹಾಲು ಹಚ್ಚಿಕೊಂಡರೆ ಇರುವೆ ಮುತ್ತುತ್ತವೆ, ಅಷ್ಟೇ.

ಮುಂದಿನ ಉತ್ತರಗಳು ಮೇಲ್ಪದರದ ಪೀಲ್ ಕುರಿತವು. ಬೇರೆಯದಾದ ಕಡೆ ಹೇಳುತ್ತೇನೆ.

ನಿನ್ನೆ ಪೀಲ್ ಆಯಿತು. ಮುಖ ಕೆಂಪಾಗಿ, ಬಿಗಿದು ಕಟ್ಟಿದಂತಿದೆ. ಸುಟ್ಟುಹೋಗಿದೆಯೇ?

ಕೆಂಪು, ಬಿಗಿತ, ಹೊಲದಲ್ಲಿ ಮಧ್ಯಾಹ್ನ ಕಳೆದು ಬಂದಾಗಿನಂಥ ಸಣ್ಣ ಉರಿ ಸಹಜ. ಎರಡನೆಯ ದಿನ ಮೂಗಿನ ಸಂದು, ಬಾಯಿಯ ಸುತ್ತ ಬಣ್ಣ ಒಂದು ಛಾಯೆ ಕಪ್ಪಾಗಿ, ಚರ್ಮ ಒಣ ಬಾಳೆಎಲೆಯಂತೆ ಕಾಣಬಹುದು. ಉದುರಲಿರುವ ಪದರ ಅದು. ಮೂರನೆಯ ದಿನದಿಂದ ಸಿಪ್ಪೆ ಏಳುತ್ತದೆ, ಏಳನೆಯ ದಿನದ ಹೊತ್ತಿಗೆ ಬಹುಪಾಲು ಮುಗಿಯುತ್ತದೆ. ಕೆಂಪು ಮೂರರಿಂದ ಐದು ದಿನ ಇರುತ್ತದೆ. ಮಧ್ಯಮ ಆಳದ ಪೀಲ್ ಆಗಿದ್ದರೆ ಹದಿನೈದರಿಂದ ಮೂವತ್ತು ದಿನ ಉಳಿಯಬಹುದು.

ನೋಡಬೇಕಾದದ್ದು ಎಷ್ಟು ಉರಿ ಎಂದಲ್ಲ, ಯಾವ ದಿಕ್ಕಿಗೆ ಹೊರಟಿದೆ ಎಂದು. ನಿನ್ನೆಗಿಂತ ಇಂದು ಕಡಿಮೆಯಾಗಿದ್ದರೆ ಸರಿದಾರಿಯಲ್ಲಿದ್ದೀರಿ. ಎರಡನೆಯ ದಿನ ತಣ್ಣಗಾದದ್ದು ನಾಲ್ಕನೆಯ ದಿನ ಮತ್ತೆ ಉರಿಯತೊಡಗಿದರೆ ಫೋನ್ ಮಾಡಿ.

ನನ್ನ ಅಕ್ಕನಿಗೆ ಎದ್ದಷ್ಟು ಸಿಪ್ಪೆ ನನಗೆ ಏಳಲಿಲ್ಲ. ದುಡ್ಡು ದಂಡವಾಯಿತೇ?

ಇಲ್ಲ. ಮ್ಯಾಂಡೆಲಿಕ್, ಲ್ಯಾಕ್ಟಿಕ್ ಪೀಲ್‌ಗಳಲ್ಲಿ ಕಣ್ಣಿಗೆ ಕಾಣುವ ಸಿಪ್ಪೆಯೇ ಇಲ್ಲದಿರಬಹುದು, ಸಣ್ಣ ಹೊಟ್ಟು ಉದುರಿ ಮುಗಿಯಬಹುದು. ಸಿಪ್ಪೆಯ ಲೆಕ್ಕದಿಂದ ಫಲ ಅಳೆಯಲು ಬರುವುದಿಲ್ಲ. ಏಳದ ಸಿಪ್ಪೆಯನ್ನು ಏಳಿಸಲು ಸ್ಕ್ರಬ್ ಕೊಂಡು ತಂದವರನ್ನು ನಾನು ನೋಡಿದ್ದೇನೆ, ಆ ಕಥೆಗಳು ಚೆನ್ನಾಗಿ ಮುಗಿದಿಲ್ಲ.

ಮುಖಕ್ಕೆ ನೀರು ಯಾವಾಗ ಹಾಕಬಹುದು? ಯಾವ ಸೋಪು?

ವೈದ್ಯರು ಹೇಳಿದ ಹೊತ್ತಿನಿಂದ. ಸಾಮಾನ್ಯವಾಗಿ ಅದೇ ದಿನ ರಾತ್ರಿ ಅಥವಾ ಮರುದಿನ ಬೆಳಿಗ್ಗೆ. ಮೊದಲ ಎರಡು ದಿನ ಬರಿ ನೀರೇ ಸಾಕು, ಅದೂ ಬೆಚ್ಚಗೂ ಅಲ್ಲ, ಕೊರೆಯುವಷ್ಟು ತಣ್ಣಗೂ ಅಲ್ಲ. ಸ್ನಾನದ ಸೋಪನ್ನು ಮುಖಕ್ಕೆ ತಾಗಿಸಬೇಡಿ. ನಮ್ಮ ಚರ್ಮ ಸ್ವಲ್ಪ ಹುಳಿ ಸ್ವಭಾವದ್ದು, ಅದರ ಪಿಎಚ್ ಸುಮಾರು 5. ಮಾಮೂಲಿ ಸೋಪಿನದು 9 ಅಥವಾ 10, ಎಂದರೆ ಕ್ಷಾರ. ಎರಡು ದಿನ ಕಳೆದ ಮೇಲೆ ನೊರೆ ಕಡಿಮೆ ಬರುವ, ಪರಿಮಳವಿಲ್ಲದ ಕ್ಲೆನ್ಸರ್ ಸಾಕು. ಬೋರ್‌ವೆಲ್‌ನ ಗಡಸು ನೀರಿನಿಂದ ಉರಿ ಹೆಚ್ಚಾಗುತ್ತದೆ ಎನ್ನುವವರು ಒಂದು ವಾರ ಕುಡಿಯುವ ನೀರಿನಲ್ಲಿ ಮುಖ ತೊಳೆಯಲಿ. ಒಂದು ಚೊಂಬು ಸಾಕು.

ಒರೆಸುವ ವಿಷಯವನ್ನು ಯಾರೂ ಕೇಳುವುದಿಲ್ಲ, ಕೆಡುವುದು ಅಲ್ಲೇ. ಬಿಸಿಲಿಗೆ ಒಣಗಿ ಗರಿಗರಿಯಾದ ಟವೆಲ್ ಬೇಡ. ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒತ್ತಿ ಒತ್ತಿ ನೀರು ಹೀರಿಸಿ. ಉಜ್ಜಬೇಡಿ.

ಹಾಗಾದರೆ ಏನು ಹಚ್ಚಲಿ? ನನ್ನ ಬಳಿ ಹನ್ನೊಂದು ಬಗೆಯ ಕ್ರೀಮು ಇವೆ.

ಹತ್ತನ್ನು ಕಪಾಟಿನಲ್ಲೇ ಬಿಡಿ. ವಾಸನೆ, ಬಣ್ಣ ಇಲ್ಲದ ಒಂದು ಮಾಯಿಶ್ಚರೈಸರ್ ಬೇಕು. ಸೆರಮೈಡ್, ಗ್ಲಿಸರಿನ್, ಪ್ಯಾಂಥೆನಾಲ್ ಎಂಬ ಹೆಸರುಗಳು ಅದರ ಮೇಲಿದ್ದರೆ ಒಳ್ಳೆಯದು. ವಿಟಮಿನ್ ಸಿ ಸೀರಮ್, ಮೊಡವೆ ಜೆಲ್, ಬಿಳಿಚಾಗಿಸುವ ಕ್ರೀಮುಗಳಿಗೆಲ್ಲ ರಜೆ. ಮುಖದಲ್ಲಿ ನೀರಿನ ಪಸೆ ಇರುವಾಗಲೇ ಹಚ್ಚಿ, ದಿನಕ್ಕೆ ಮೂರು ನಾಲ್ಕು ಸಲ.

ತುಂಬಾ ಒಣಗಿ ಬಿರಿದ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಬಹುದು. ಅಗ್ಗದ್ದು, ಹಳೆಯದು, ಉರಿಯುವುದಿಲ್ಲ. ಮೊಡವೆ ಬರುವ ಚರ್ಮದವರು ಮುಖವಿಡೀ ಬಳಿಯದೆ ಮೂಗಿನ ಸಂದು, ತುಟಿಯ ಕೊನೆಗಷ್ಟೇ ಹಚ್ಚಿಕೊಳ್ಳಲಿ. ಹಚ್ಚಿದ ಯಾವುದೇ ಆಗಲಿ, ಒಂದು ನಿಮಿಷ ಚುರುಗುಟ್ಟಿ ನಿಂತರೆ ಪರವಾಗಿಲ್ಲ. ಐದು ನಿಮಿಷವಾದರೂ ಉರಿಯುತ್ತಿದ್ದರೆ ತೊಳೆದುಬಿಡಿ. ಬೆಲೆ ಎಷ್ಟು ಕೊಟ್ಟಿದ್ದಿರಿ ಎಂದು ಯೋಚಿಸುತ್ತ ಕೂರಬೇಡಿ.

ಗಲ್ಲದ ಮೇಲೆ ಸಿಪ್ಪೆಯ ತುದಿ ನೇತಾಡುತ್ತಿದೆ. ಮೆಲ್ಲಗೆ ಎಳೆದರೆ ಬರುವಂತಿದೆ. ಎಳೆಯಲೇ?

ಬೇಡ. ನೇತಾಡುವ ತುದಿ ಸತ್ತ ಚರ್ಮ, ಅದರ ಬುಡ ಇನ್ನೂ ಜೀವಂತ ಚರ್ಮಕ್ಕೆ ಅಂಟಿದೆ. ಕಾಲೇಜು ಹುಡುಗಿಯೊಬ್ಬಳು ಬಸ್ಸಿನಲ್ಲಿ ಕೂತು ಮೊಬೈಲ್ ಕ್ಯಾಮೆರಾದಲ್ಲಿ ಮುಖ ನೋಡಿಕೊಳ್ಳುತ್ತ ಹೀಗೆಯೇ ಎಳೆದಳು. ತುದಿ ಸಲೀಸಾಗಿ ಬಂತು, ಕೊನೆಯ ಅರ್ಧ ಇಂಚು ಮಾತ್ರ ಚುರುಕ್ಕೆಂದು ಹರಿಯಿತು. ಕೆಳಗೆ ಅವರೆಕಾಳಿನಷ್ಟು ಕೆಂಪು, ಅದರ ಮೇಲೆ ಸಣ್ಣಗೆ ನೀರೊಸರಿತು. ಮೂರು ವಾರಕ್ಕೆ ಅದೇ ಆಕಾರದ ಕಂದು ಕಲೆ. ಅದು ಮಾಸಲು ಐದು ತಿಂಗಳು ಹಿಡಿಯಿತು. ಮೊಡವೆಯ ಕಲೆ ಹೋಗಲೆಂದು ಬಂದಿದ್ದವಳು ಅವಳು.

ತುಂಬಾ ಕಿರಿಕಿರಿಯಾದರೆ ಶುಚಿಯಾದ ಸಣ್ಣ ಕತ್ತರಿಯಿಂದ ನೇತಾಡುವ ಭಾಗವನ್ನಷ್ಟೇ ಕತ್ತರಿಸಿ, ಬುಡಕ್ಕೆ ಮಾಯಿಶ್ಚರೈಸರ್ ಹಚ್ಚಿ. ನಿದ್ದೆಯಲ್ಲಿ ಕೆರೆದುಕೊಳ್ಳುವ ಅಭ್ಯಾಸವಿದ್ದರೆ ಉಗುರು ತೆಗೆದು ಮಲಗಿ. ನವೆ ನಿದ್ದೆ ಕೆಡಿಸುವಷ್ಟಿದ್ದರೆ ನವೆಯ ಮಾತ್ರೆಯನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು.

## ಮನೆಯವರ ಸಲಹೆ, ಅಡುಗೆಮನೆಯ ಮದ್ದು

ಅತ್ತೆಯವರು ಮೊಸರು, ಕಡಲೆಹಿಟ್ಟು, ಅರಿಶಿನ ಕಲಸಿ ಹಚ್ಚು ಎನ್ನುತ್ತಿದ್ದಾರೆ. ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರೆ.

ಅತ್ತೆಯವರ ಕಾಳಜಿ ಸರಿ, ಹೊತ್ತು ಸರಿಯಿಲ್ಲ. ಮೊಸರಿನ ಹುಳಿ ಬರುವುದೇ ಲ್ಯಾಕ್ಟಿಕ್ ಆಮ್ಲದಿಂದ. ಅದನ್ನು ಹಚ್ಚಿದರೆ ಪೀಲ್‌ನ ಮೇಲೆ ಇನ್ನೊಂದು ಚಿಕ್ಕ ಪೀಲ್ ಆದಂತೆ. ಕಡಲೆಹಿಟ್ಟು ಒಣಗಿದ ಮೇಲೆ ಉಜ್ಜದೆ ಬಿಡುವುದಿಲ್ಲ. ಅರಿಶಿನ ಕೆಲವರಿಗೆ ಅಲರ್ಜಿ ಉಂಟುಮಾಡುತ್ತದೆ. ನನ್ನ ತಕರಾರು ಇನ್ನೊಂದು, ಹಳದಿ ಬಣ್ಣದಡಿ ಕೆಂಪು ಹೆಚ್ಚಾಗುತ್ತಿದೆಯೋ ಇಳಿಯುತ್ತಿದೆಯೋ ಯಾರಿಗೂ ಕಾಣುವುದಿಲ್ಲ.

ನಿಂಬೆರಸ ಇವೆಲ್ಲಕ್ಕಿಂತ ಕೆಟ್ಟದ್ದು. ಹುಳಿ ಉರಿಸುವುದು ಒಂದು ಕಡೆ, ನಿಂಬೆ ಜಾತಿಯ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಎದ್ದು ಕಪ್ಪು ಕಲೆ ಉಳಿಯುವುದೂ ಉಂಟು. ಇನ್ನು ಅಡುಗೆ ಸೋಡ: ಗ್ಲೈಕಾಲಿಕ್ ಪೀಲ್ ಮುಗಿಸುವಾಗ ವೈದ್ಯರು ಸೋಡ ಬೈಕಾರ್ಬನೇಟ್ ದ್ರಾವಣ ಬಳಸುವುದನ್ನು ನೋಡಿದವರು ಮನೆಯಲ್ಲೂ ಅದನ್ನೇ ಮಾಡಲು ಹೊರಡುತ್ತಾರೆ. ಆಮ್ಲ ಮುಖದ ಮೇಲಿದ್ದ ಆ ಕೆಲವು ನಿಮಿಷಗಳ ಕೆಲಸ ಅದು. ಮರುದಿನ ತಣಿಸಲು ಅಲ್ಲಿ ಆಮ್ಲವೇ ಉಳಿದಿರುವುದಿಲ್ಲ, ಕ್ಷಾರ ಮಾತ್ರ ಹಸಿ ಚರ್ಮವನ್ನು ಕೆರಳಿಸುತ್ತದೆ.

ಅತ್ತೆಯವರಿಗೆ ಏನು ಹೇಳುವುದು? “ಹದಿನೈದು ದಿನ ಬಿಟ್ಟು ಹಚ್ಚಿಕೊಳ್ಳುತ್ತೇನೆ ಅತ್ತೆ, ಡಾಕ್ಟರು ಹೇಳಿದ್ದಾರೆ” ಎನ್ನಿ. ಬೈಗುಳ ಡಾಕ್ಟರಿಗೆ ಹೋಗುತ್ತದೆ, ಅವರಿಗೆ ರೂಢಿಯಿದೆ.

ಹಿತ್ತಲಲ್ಲಿ ಲೋಳೆಸರ ಇದೆ. ಅದಾದರೂ ತಂಪಲ್ಲವೇ?

ಒಳಗಿನ ತಿರುಳು ತಂಪು. ಸಿಪ್ಪೆಯ ಕೆಳಗೆ ಒಸರುವ ಹಳದಿ ಹಾಲು ಚರ್ಮವನ್ನು ಕೆರಳಿಸುತ್ತದೆ, ಮನೆಯಲ್ಲಿ ಕೊಯ್ದಾಗ ಅದನ್ನು ಪೂರ್ತಿ ಬಿಡಿಸುವುದು ಕಷ್ಟ. ಒಂದು ವಾರ ಕಾಯಿರಿ.

ಉರಿಗೆ ಐಸ್ ಇಡಬಹುದೇ?

ಐಸ್ ಗಡ್ಡೆಯನ್ನು ನೇರವಾಗಿ ಇಡಬೇಡಿ, ತಣ್ಣಗೆ ಕೊರೆದೇ ಚರ್ಮ ಗಾಯವಾಗುತ್ತದೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಹತ್ತು ನಿಮಿಷ ಮುಖದ ಮೇಲೆ ಹೊದಿಸಿ, ತೆಗೆದು, ಮಾಯಿಶ್ಚರೈಸರ್ ಹಚ್ಚಿ.

ಅಡುಗೆ ಮಾಡದೆ ನಡೆಯುವುದಿಲ್ಲ. ನಾಡಿದ್ದು ಹಬ್ಬದ ಎಣ್ಣೆ ಸ್ನಾನ ಬೇರೆ ಇದೆ.

ಅಡುಗೆ ಮಾಡಿ, ಆದರೆ ಕುಕ್ಕರಿನ ಹಬೆಗೆ, ಬಾಣಲೆಯ ಕಾವಿಗೆ ಮುಖ ಒಡ್ಡಬೇಡಿ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಹೊತ್ತಿಗೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಹೋಳಿಗೆ ಬೇಯಿಸುವ ಕೆಲಸವನ್ನು ಈ ಸಲ ಮನೆಯ ಗಂಡಸರಿಗೆ ಕಲಿಸಬಹುದು.

ಎಣ್ಣೆ ಸ್ನಾನದಲ್ಲಿ ತೊಂದರೆ ಎಣ್ಣೆಯದಕ್ಕಿಂತ ಹೆಚ್ಚಾಗಿ ಸೀಗೆಪುಡಿಯದು, ಹಂಡೆಯ ಸುಡುನೀರಿನದು. ತಲೆಯಿಂದ ಇಳಿದ ಸೀಗೆನೀರು ಕಣ್ಣಿಗೆ ಹೇಗೆ ಉರಿಯುತ್ತದೆ ಗೊತ್ತಲ್ಲ, ಸಿಪ್ಪೆ ಎದ್ದ ಮುಖಕ್ಕೂ ಹಾಗೆಯೇ. ಶಾಸ್ತ್ರಕ್ಕೆ ನೆತ್ತಿಗೆ ಎಣ್ಣೆ ಇಟ್ಟುಕೊಳ್ಳಿ, ತಲೆಯನ್ನು ಹಿಂದಕ್ಕೆ ಬಾಗಿಸಿ ತೊಳೆಸಿಕೊಳ್ಳಿ. ಬೆವರೂ ಉಪ್ಪೇ ತಾನೇ, ಕರಾವಳಿಯವರು ಆ ವಾರ ವ್ಯಾಯಾಮ ಬಿಡುವುದು ಮೇಲು.

ಹಣೆಗೆ ಕುಂಕುಮ ಇಡಬಹುದೇ?

ಹಣೆಗೂ ಪೀಲ್ ಆಗಿದ್ದರೆ ಸಿಪ್ಪೆ ನಿಲ್ಲುವವರೆಗೆ ಬೇಡ. ಸ್ಟಿಕ್ಕರ್ ಬೊಟ್ಟು ಕೂಡ ಬೇಡ, ತೆಗೆಯುವಾಗ ಅದರ ಅಂಟು ಚರ್ಮವನ್ನೂ ಎತ್ತುತ್ತದೆ. ಬೈತಲೆಗೆ ಇಟ್ಟುಕೊಳ್ಳಿ.

## ಬಿಸಿಲು, ಕ್ಷೌರ, ಹೆಲ್ಮೆಟ್

ನಾನು ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಸನ್‌ಸ್ಕ್ರೀನ್ ಯಾಕೆ?

ಬಿಸಿಲಿನಲ್ಲಿ ಚರ್ಮವನ್ನು ಸುಡುವ ಯುವಿಬಿ ಕಿರಣವನ್ನು ಕಿಟಕಿಯ ಗಾಜು ತಡೆಯುತ್ತದೆ, ಕಪ್ಪಾಗಿಸುವ ಯುವಿಎ ಬಹುಪಾಲು ಒಳಗೆ ಬರುತ್ತದೆ. ಮಲೆನಾಡಿನ ಮಳೆಗಾಲದ ಮೋಡವೂ ಪೂರ್ತಿ ತಡೆಯುವುದಿಲ್ಲ. ನಮ್ಮಂಥ ಕಂದು ಚರ್ಮಕ್ಕೆ ಸುಡುವುದಕ್ಕಿಂತ ದೊಡ್ಡ ಭಯ ಕಪ್ಪಾಗುವುದು. ಚರ್ಮ ಎಲ್ಲಿ ಕೆರಳುತ್ತದೋ ಅಲ್ಲಿ ಬಣ್ಣದ ಕೋಶಗಳು ಹೆಚ್ಚು ಬಣ್ಣ ಸುರಿಯುತ್ತವೆ, ಬಿಸಿಲು ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಪೀಲ್ ಮಾಡಿಸಿ ಸನ್‌ಸ್ಕ್ರೀನ್ ಬಿಟ್ಟವರಿಗೆ ನಾನು ಕೊಡುವ ಸಲಹೆ ಒರಟಾದದ್ದು: ಹಚ್ಚಲು ಆಗದಿದ್ದರೆ ಪೀಲ್ ಮಾಡಿಸಲೇಬೇಡಿ.

ಡಬ್ಬಿಯ ಮೇಲೆ ಎಸ್‌ಪಿಎಫ್ (ಯುವಿಬಿ ತಡೆಯ ಅಳತೆ) 30 ಅಥವಾ ಹೆಚ್ಚು, ಪಿಎ (ಯುವಿಎ ತಡೆಯ ಗುರುತು) ಮುಂದೆ ಮೂರು ಪ್ಲಸ್ ಇರಲಿ. ತೋರುಬೆರಳು, ಮಧ್ಯದ ಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಎಳೆದರೆ ಮುಖಕ್ಕೆ ಬೇಕಾದಷ್ಟು ಆಯಿತು. ಕಾಳಿನಷ್ಟು ತೆಗೆದುಕೊಂಡು ಮುಖವಿಡೀ ಹರಡಿದರೆ ಡಬ್ಬಿಯ ಮೇಲಿನ ಸಂಖ್ಯೆ ಡಬ್ಬಿಯ ಮೇಲೆಯೇ ಉಳಿಯುತ್ತದೆ. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬಂಗು ಇರುವವರಿಗೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢವಾಗಿಸುತ್ತದೆ, ಅದನ್ನು ಈ ಬಣ್ಣ ತಡೆಯುತ್ತದೆ.

ಸನ್‌ಸ್ಕ್ರೀನ್ ಹಚ್ಚಿದರೆ ಕಣ್ಣೀರು ಬರುವಷ್ಟು ಉರಿಯುತ್ತದಲ್ಲ?

ಆಲ್ಕೋಹಾಲ್ ಇರುವ ಜೆಲ್‌ಗಳು ಹಾಗೆ ಮಾಡುತ್ತವೆ. ಜಿಂಕ್ ಆಕ್ಸೈಡ್ ಇರುವ, ಪರಿಮಳವಿಲ್ಲದ ಕ್ರೀಮಿಗೆ ಬದಲಾಯಿಸಿ, ಕೆಳಗೆ ಮಾಯಿಶ್ಚರೈಸರ್ ಇರಲಿ. ಅದೂ ಉರಿದರೆ ಒಂದೆರಡು ದಿನ ಕೊಡೆ, ಅಗಲ ಅಂಚಿನ ಟೋಪಿ ಹಿಡಿದು ನೆರಳಿನಲ್ಲೇ ಓಡಾಡಿ. ಮುಖಕ್ಕೆ ದುಪ್ಪಟ್ಟ ಬಿಗಿದು ಸ್ಕೂಟರ್ ಓಡಿಸುವವರು ಒಮ್ಮೆ ಯೋಚಿಸಲಿ: ಬಿಸಿಲು ತಪ್ಪುತ್ತದೆ, ಬಟ್ಟೆ ದಾರಿಯುದ್ದಕ್ಕೂ ಕೆನ್ನೆ ಉಜ್ಜುತ್ತದೆ. ಹೆಲ್ಮೆಟ್ ತಪ್ಪಿಸುವಂತಿಲ್ಲ. ಗದ್ದದ ಪಟ್ಟಿ ತಾಗುವ ಕಡೆ ಜೆಲ್ಲಿ ಸವರಿ ಹೊರಡಿ.

ಗಡ್ಡ ಬೋಳಿಸಬಹುದೇ? ನಾಳೆ ಕಚೇರಿಗೆ ಹೋಗಬೇಕು.

ಸಿಪ್ಪೆ ನಿಲ್ಲುವವರೆಗೆ, ಅಂದರೆ ಐದರಿಂದ ಏಳು ದಿನ, ಬ್ಲೇಡು ಮುಟ್ಟಿಸಬೇಡಿ. ಆಮೇಲೂ ಮೊದಲ ಸಲ ಟ್ರಿಮ್ಮರ್ ಸಾಕು. ಕ್ಷೌರದಂಗಡಿಯ ಪಟಿಕ, ಆಫ್ಟರ್ ಶೇವ್ ಎರಡೂ ಬೇಡ. ಹೆಂಗಸರ ಥ್ರೆಡಿಂಗ್, ವ್ಯಾಕ್ಸಿಂಗ್, ಬ್ಲೀಚಿಗೂ ಇದೇ ಮಾತು. ವ್ಯಾಕ್ಸಿಂಗ್ ಅಂತೂ ಎರಡು ವಾರವಾದರೂ ಮುಂದೆ ಹೋಗಲಿ.

## ತೊಡಕಿನ ಪ್ರಶ್ನೆಗಳು

ತುಟಿಯ ಬಳಿ ಸಣ್ಣ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದಿವೆ. ಇದೂ ಸಿಪ್ಪೆಯ ಭಾಗವೇ?

ಅಲ್ಲ, ಇವತ್ತೇ ತೋರಿಸಿ. ಜ್ವರ ಬಂದಾಗ ಕೆಲವರಿಗೆ ತುಟಿಯಂಚಿನಲ್ಲಿ ಗುಳ್ಳೆ ಏಳುತ್ತದಲ್ಲ, ಆ ಹರ್ಪಿಸ್ ವೈರಸ್ ನರದಲ್ಲಿ ಅಡಗಿರುತ್ತದೆ. ಚರ್ಮಕ್ಕೆ ಪೆಟ್ಟಾದಾಗ ಎದ್ದು ಬರುತ್ತದೆ, ಹಸಿ ಚರ್ಮದ ಮೇಲೆ ಬೇಗ ಹರಡಿ ಗುಳಿ ಕಲೆ ಉಳಿಸಬಲ್ಲದು. ಅದರ ಗುರುತು ನವೆಗಿಂತ ನೋವು. ಅಸೈಕ್ಲೋವಿರ್ ಜಾತಿಯ ಮಾತ್ರೆ ಬೇಗ ಶುರುವಾದಷ್ಟೂ ಒಳ್ಳೆಯದು. ಹಿಂದೆ ಯಾವಾಗಲಾದರೂ ಇಂಥ ಗುಳ್ಳೆ ಆಗಿದ್ದರೆ ಪೀಲ್‌ಗೆ ಮೊದಲೇ ಹೇಳಿ. ಮಧ್ಯಮ ಆಳದ ಪೀಲ್‌ಗೆ ಮುನ್ನವೇ ಮಾತ್ರೆ ಕೊಡುತ್ತಾರೆ.

ಕೀವು, ಜೇನಿನ ಬಣ್ಣದ ಹಕ್ಕಳೆ, ವಾಸನೆ, ಜ್ವರ ಇದ್ದರೆ ಬ್ಯಾಕ್ಟೀರಿಯಾ ಸೋಂಕಿರಬಹುದು. ಪೀಲ್ ಮಾಡದ ಕತ್ತು, ಕಿವಿಯವರೆಗೂ ನವೆ ಹರಡಿ ರೆಪ್ಪೆ ಊದಿಕೊಂಡರೆ ಹಚ್ಚಿದ ಯಾವುದಕ್ಕೋ ಅಲರ್ಜಿ. ಇವೆರಡಕ್ಕೂ ಮನೆಯಲ್ಲಿ ಕಾದು ನೋಡುವ ಆಟ ಬೇಡ.

ಔಷಧದಂಗಡಿಯವರು ಒಂದು ಟ್ಯೂಬ್ ಕೊಟ್ಟರು. ಒಂದೇ ರಾತ್ರಿಗೆ ಕೆಂಪು ಮಾಯ! ಇನ್ನೂ ಹಚ್ಚುತ್ತಿರಲೇ?

ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂಬ ಹೆಸರಿದೆಯೇ ನೋಡಿ. ಇದ್ದರೆ ಅದು ಸ್ಟೀರಾಯ್ಡ್. ಒಂದೇ ರಾತ್ರಿಗೆ ಮುಖ ತಿಳಿಯಾಗುವುದೇ ಅದರ ಮೋಹ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಎದ್ದು ಕಂಡು, ಮೊಡವೆ ಏಳುತ್ತದೆ. ಬಿಟ್ಟರೆ ಮುಖ ಬೆಂಕಿಯಾಗುತ್ತದೆ, ಆದ್ದರಿಂದ ಮತ್ತೆ ಹಚ್ಚುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಎಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೇಳಿದವರಿಗೆ ಸಿಗುತ್ತಲೇ ಇದೆ.

ಪೀಲ್ ನಂತರ ಕೆಂಪು ತೀರಾ ಹೆಚ್ಚಾದಾಗ ವೈದ್ಯರೇ ಮೆದುವಾದ ಸ್ಟೀರಾಯ್ಡನ್ನು ಕೆಲವೇ ದಿನಕ್ಕೆ ಬರೆಯುವುದುಂಟು. ವ್ಯತ್ಯಾಸ ಇರುವುದು ದಿನ ಎಣಿಸಿ ನಿಲ್ಲಿಸುವುದರಲ್ಲಿ. ಒಂದು ರಾತ್ರಿ ಹಚ್ಚಿದ್ದಕ್ಕೆ ಹೆದರಬೇಕಿಲ್ಲ, ಇಂದು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹೆಸರು ಹೇಳಲು ನಾಚಿಕೆಯಾದರೆ ಟ್ಯೂಬಿನ ಫೋಟೊ ಕಳಿಸಿ.

ಸಿಪ್ಪೆ ಎಲ್ಲ ಹೋಯಿತು, ಈಗ ಮುಖ ಮೊದಲಿಗಿಂತ ಕಪ್ಪಾಗಿದೆ. ಪೀಲ್ ತಪ್ಪಾಯಿತೇ?

ತಪ್ಪಾಗಿರಬಹುದು, ಆಗದೆಯೂ ಇರಬಹುದು. ಉರಿಯೂತದ ನಂತರದ ಈ ಕಪ್ಪು ಸಾಮಾನ್ಯವಾಗಿ ಮೂರು ನಾಲ್ಕನೆಯ ವಾರದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಆಮ್ಲದ ಶಕ್ತಿ ಹೆಚ್ಚಾಗಿರುವುದು, ಸಿಪ್ಪೆ ಕಿತ್ತದ್ದು, ಬಿಸಿಲು, ಮೂರರಲ್ಲಿ ಯಾವುದಾದರೂ ಕಾರಣವಿರಬಹುದು. ಮೇಲ್ಪದರದಲ್ಲಿ ನಿಂತ ಬಣ್ಣ ಕಂದಾಗಿ ಕಾಣುತ್ತದೆ, ತಿಂಗಳುಗಳಲ್ಲಿ ಮಾಸುತ್ತದೆ. ಒಳಪದರಕ್ಕೆ ಇಳಿದದ್ದು ಬೂದಿ ಅಥವಾ ನೀಲಿ ಛಾಯೆಯದು, ಅದು ಹಟಮಾರಿ. ಚರ್ಮ ಪೂರ್ತಿ ಶಾಂತವಾದ ಮೇಲೆ ವೈದ್ಯರು ಅಜೆಲಾಯಿಕ್ ಆಮ್ಲ, ಹೈಡ್ರೊಕ್ವಿನೋನ್‌ನಂಥವು ಕೊಡಬಹುದು. ಕಪ್ಪಾಯಿತೆಂದು ಗಾಬರಿಯಿಂದ ಇನ್ನೊಂದು ಪೀಲ್‌ಗೆ ಓಡಬೇಡಿ.

ಮೇಲ್ಪದರದ ಪೀಲ್ ಆಗಿ ಮೂರು ವಾರ ಕಳೆದರೂ ಒಂದು ಜಾಗ ಕೆಂಪಾಗಿಯೇ ಇದ್ದು, ಮುಟ್ಟಿದರೆ ಗಟ್ಟಿ ಎನಿಸಿದರೆ ಅದು ಬೇರೆ ಮಾತು. ಅಲ್ಲಿ ಗಾಯದ ಕಲೆ ಕಟ್ಟುವ ಸೂಚನೆ ಇರಬಹುದು, ತಡಮಾಡದೆ ತೋರಿಸಿ.

ರೆಟಿನಾಲ್ ಕ್ರೀಮು ಮತ್ತೆ ಯಾವಾಗ ಹಚ್ಚಬಹುದು? ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆಯೂ ನಡೆಯುತ್ತಿದೆ.

ಸಿಪ್ಪೆ ನಿಂತು, ಬರಿ ಮಾಯಿಶ್ಚರೈಸರ್ ಸ್ವಲ್ಪವೂ ಉರಿಯದ ಸ್ಥಿತಿ ಬಂದ ಮೇಲೆ. ಹೆಚ್ಚಿನವರಿಗೆ ಒಂದರಿಂದ ಎರಡು ವಾರ ಬೇಕು. ಮೊದಲು ಮೂರು ರಾತ್ರಿಗೊಮ್ಮೆ ಹಚ್ಚಿ ನೋಡಿ.

ಮಾತ್ರೆಯ ವಿಷಯದಲ್ಲಿ ಹಳೆಯ ನಿಯಮ, ಅದನ್ನು ನಿಲ್ಲಿಸಿದ ಮೇಲೆ ಪೀಲ್‌ಗೆ ಆರು ತಿಂಗಳು ಕಾಯಿರಿ ಎನ್ನುತ್ತಿತ್ತು. ಮೇಲ್ಪದರದ ಪೀಲ್‌ಗೆ ಅಷ್ಟು ಕಾಯಿಸಲು ತಕ್ಕ ಆಧಾರವಿಲ್ಲ ಎಂದು ಅಮೆರಿಕದ ಚರ್ಮಶಸ್ತ್ರವೈದ್ಯರ ಸಂಘದ ತಜ್ಞರು 2017ರಲ್ಲಿ ಹೇಳಿದ್ದಾರೆ. ಮಧ್ಯಮ ಮತ್ತು ಆಳದ ಪೀಲ್‌ಗಳಿಗೆ ಎಚ್ಚರಿಕೆ ಇದ್ದೇ ಇದೆ. ಏನೇ ಆಗಲಿ, ಮಾತ್ರೆಯ ಸಂಗತಿಯನ್ನು ಮುಚ್ಚಿಡಬೇಡಿ. ಅದು ತುಟಿ, ಚರ್ಮ ಒಣಗಿಸುವುದರಿಂದ ಪೀಲ್‌ನ ಉರಿ ಜಾಸ್ತಿಯಾಗುತ್ತದೆ.

ಪೀಲ್ ಆದ ವಾರಕ್ಕೆ ಗರ್ಭಿಣಿ ಎಂದು ತಿಳಿಯಿತು.

ಮುಖಕ್ಕಷ್ಟೇ ಆದ ಮೇಲ್ಪದರದ ಒಂದು ಪೀಲ್‌ಗೆ ಕಂಗೆಡಬೇಡಿ. ಯಾವ ಆಮ್ಲ ಎಂದು ಕೇಳಿ ಬರೆದುಕೊಂಡು ಹೆರಿಗೆ ವೈದ್ಯರಿಗೆ ತಿಳಿಸಿ, ಮುಂದಿನವನ್ನು ರದ್ದು ಮಾಡಿ. ರೆಟಿನಾಲ್, ಟ್ರೆಟಿನಾಯಿನ್ ಹಚ್ಚುತ್ತಿದ್ದರೆ ನಿಲ್ಲಿಸಿ. ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಮಾತ್ರ ಮಾತು ಗಂಭೀರ, ಅದೇ ದಿನ ವೈದ್ಯರನ್ನು ಕಾಣಿ.

ಆನ್‌ಲೈನ್‌ನಲ್ಲಿ ಬಾಟಲಿ ತರಿಸಿ ಮನೆಯಲ್ಲೇ ಹಚ್ಚಿಕೊಂಡೆ. ತಡೆಯಲಾರದಷ್ಟು ಉರಿ, ಕೆನ್ನೆ ಬೆಳ್ಳಗಾಗಿದೆ!

ಓದುವುದನ್ನು ನಿಲ್ಲಿಸಿ ನಲ್ಲಿಯ ಕೆಳಗೆ ಹೋಗಿ. ತಣ್ಣೀರು ಇಪ್ಪತ್ತು ನಿಮಿಷ ಹರಿಯಲಿ, ಗಡಿಯಾರ ನೋಡಿಕೊಂಡೇ. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಮೊದಲು ಅದನ್ನೇ ತೊಳೆಯಿರಿ. ಸೋಡ, ಟೂತ್‌ಪೇಸ್ಟ್, ಐಸ್, ತುಪ್ಪ ಯಾವುದೂ ಬೇಡ. ಬಾಟಲಿಯನ್ನು ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೊರಡಿ, ಒಳಗೇನಿತ್ತು, ಶೇಕಡ ಎಷ್ಟು ಎಂಬುದು ವೈದ್ಯರಿಗೆ ಬೇಕು.

ಸ್ಯಾಲಿಸಿಲಿಕ್ ಪೀಲ್‌ನಲ್ಲಿ ಕಾಣುವ ಬಿಳಿ, ಆಮ್ಲವೇ ಹರಳುಗಟ್ಟಿದ ಪುಡಿ, ಒರೆಸಿದರೆ ಹೋಗುತ್ತದೆ. ಟಿಸಿಎಯಲ್ಲಿ ಕಾಣುವ ಬಿಳಿ, ಚರ್ಮದ ಪ್ರೋಟೀನೇ ಹೆಪ್ಪುಗಟ್ಟಿದ್ದು, ಮೊಟ್ಟೆಯ ಬಿಳಿ ಬೆಂದ ಹಾಗೆ. ಅದನ್ನು ನೋಡುತ್ತಲೇ ವೈದ್ಯರು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುತ್ತಾರೆ. ಆ ಕಣ್ಣು ಬಾಟಲಿಯ ಜೊತೆ ಪಾರ್ಸೆಲ್‌ನಲ್ಲಿ ಬರುವುದಿಲ್ಲ. ಇಂಥ ಬಾಟಲಿಗಳನ್ನು ತಜ್ಞರ ಮೇಲ್ವಿಚಾರಣೆ ಇಲ್ಲದೆ ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜುಲೈನಲ್ಲಿ ಎಚ್ಚರಿಸಿತ್ತು.

ಮುಂದಿನ ಪೀಲ್ ಯಾವಾಗ? ತಿಂಗಳೊಪ್ಪತ್ತಿನಲ್ಲಿ ನನ್ನ ಮದುವೆ.

ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಅಂತರ, ಅದೂ ಹಿಂದಿನ ಪೀಲ್‌ನ ಕೆಂಪು, ಒಣಕಲು ಪೂರ್ತಿ ಹೋಗಿದ್ದರೆ ಮಾತ್ರ. ಮದುವೆಯ ಕೊನೆಯ ಒಂದು ತಿಂಗಳಲ್ಲಿ ಹೊಸ ಪೀಲ್ ಬೇಡ, ಮೊದಲ ಸಲದ ಪೀಲ್ ಅಂತೂ ಖಂಡಿತ ಬೇಡ. ಪೀಲ್ ಆಗಿ ಮೂರು ವಾರವೂ ಆಗದಿದ್ದರೆ ಅರಿಶಿನ ಶಾಸ್ತ್ರದ ದಿನ ಕೆನ್ನೆಗೆ ಮೊದಲು ಮಾಯಿಶ್ಚರೈಸರ್ ದಪ್ಪಗೆ ಹಚ್ಚಿಕೊಂಡು ಕೂತುಕೊಳ್ಳಿ. ಹಚ್ಚಲು ಬರುವ ಹತ್ತು ಜನ ಮುತ್ತೈದೆಯರಿಗೆ, “ಕೆನ್ನೆಗೆ ಬೊಟ್ಟು ಇಟ್ಟರೆ ಸಾಕು, ಕೈಕಾಲಿಗೆ ಎಷ್ಟಾದರೂ ಹಚ್ಚಿ” ಎಂದು ನಿಮ್ಮ ಅಮ್ಮನಿಂದಲೇ ಹೇಳಿಸಿ.